ನಿಂತ ಮೇಲಿನ ಹೆಜ್ಜೆ

ಫ್ರಿಜ್ಜಿನ ಗುಂಯ್ ಎಂಬ ಸದ್ದು ನಿಂತಿತು, ನಿಂತ ಮೇಲೆಯೇ ತಿಳಿಯುವುದು ಅದು ಇಷ್ಟು ಹೊತ್ತೂ ಇತ್ತೆಂದು, ಮನುಷ್ಯರೂ ಹಾಗೆಯೇ, ಎದ್ದುಹೋದ ಮೇಲೆ ಅವರ ಸದ್ದು ಕಿವಿ ತುಂಬುತ್ತದೆ — ಈಗ ನಡುಮಧ್ಯಾಹ್ನ, ಕಿಟಕಿಯ ಪರದೆ ಎಳೆದಿದ್ದೇನೆ, ಜಪಮಣಿ ಮಡಿಲಲ್ಲಿದೆ, ರಿಮೋಟು ಕೈಯಲ್ಲಿದೆ, ದೇವರೇ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೂತವಳನ್ನು ನೀನು ಹಿಂದೆ ಎಲ್ಲಾದರೂ ಕಂಡಿದ್ದೀಯಾ. ಟೀವಿ ಇನ್ನೂ ಹಚ್ಚಿಲ್ಲ, ಅದರ ಕಪ್ಪು ಗಾಜಿನಲ್ಲಿ ನನ್ನ ಮುಖ, ಮುಖದ ಹಿಂದೆ ಬಾಗಿಲು, ಬಾಗಿಲ ಕೆಳಗೆ ಬೆರಳಗಲದ ಬೆಳಕು. ಆ ಬೆಳಕಿನಲ್ಲಿ ನನ್ನ ಮಗಳ ಕಾಲು ಕಾಣಿಸುತ್ತಿತ್ತು, ಕರೆಗಂಟೆ ಒತ್ತುವ ಮೊದಲೇ, ಎರಡು ನೆರಳು, ಒಂದು ನೇರ, ಇನ್ನೊಂದು ತುಸು ಒಳಕ್ಕೆ ತಿರುಗಿದ್ದು, ಚಿಕ್ಕಂದಿನಲ್ಲಿ ಮಹಡಿಯಿಂದ ಉರುಳಿ ಎಡಗಾಲಿನ ಮಣಿಗಂಟು ಮುರಿದುಕೊಂಡಳು, ಮೂಳೆ ಕೂಡಿತು, ಪಾದ ಮಾತ್ರ ಒಳಕ್ಕೆ ನೋಡುತ್ತಲೇ ಉಳಿಯಿತು, ದಣಿದ ದಿನ ಎಳೆಯುತ್ತಿತ್ತು, ಟಕ್, ಸರ್ರ್, ಟಕ್, ಸರ್ರ್, ಅಮ್ಮ ನಾನೇ, ಗೊತ್ತು ಬಾರೇ, ಮೂರನೇ ಮಹಡಿಯವರೆಗೂ ನಿನ್ನ ಕಾಲೇ ಹೇಳಿಕೊಂಡು ಬಂತು. ಅಂಥ ಕಾಲಿನವಳು ನಡೆಯುವುದನ್ನೇ ಕಸುಬು ಮಾಡಿಕೊಂಡಳು. ನಿಮ್ಮ ಮಗಳಿಗೇನು ಕೆಲಸ ಎಂದು ಕೇಳಿದವರಿಗೆ, ನಡೀತಾಳೆ ಎನ್ನುತ್ತಿದ್ದೆ, ಅವರು ನಗುತ್ತಿದ್ದರು. ಸಿನಿಮಾದವರು ಬಾಯಿಂದ ಆಡಿದ್ದು ಮೈಕಿಗೆ ಸಿಗುತ್ತದೆ, ಕಾಲಿನ ಸದ್ದು ಸಿಗುವುದಿಲ್ಲ, ಆಮೇಲೆ ಮುಚ್ಚಿದ ಕೋಣೆಯಲ್ಲಿ ಚಿತ್ರ ನೋಡುತ್ತಾ ಅವರ ಪರವಾಗಿ ಯಾರಾದರೂ ನಡೆಯಬೇಕು, ಹಲಗೆಯ ಮೇಲೆ, ಜಲ್ಲಿಯ ಮೇಲೆ, ತಟ್ಟೆಯಲ್ಲಿ ಹರಡಿದ ಮರಳ ಮೇಲೆ, ಗೋಡೆಯ ಉದ್ದಕ್ಕೂ ತೂಗುಹಾಕಿದ ಹಳೆ ಬೂಟು ಚಪ್ಪಲಿಗಳಲ್ಲಿ ಒಂದನ್ನು ಮೆಟ್ಟಿಕೊಂಡು. ಸ್ಟುಡಿಯೋ ನಮ್ಮ ಬೀದಿಯ ತಿರುವಿನಲ್ಲೇ, ಕೆಲಸ ಮುಗಿದರೆ ಮೊದಲು ಇಲ್ಲಿಗೆ, ಆಮೇಲೆ ಗಂಡನ ಮನೆಗೆ. ಅಮ್ಮ, ಬಿಸಿನೀರು ಕಾಯಿಸು, ಇವತ್ತು ಕೊಲೆಗಾರನಾಗಿ ಮಹಡಿಮೆಟ್ಟಿಲು ಹತ್ತಿ ಹತ್ತಿ ಕಾಲು ಬಿದ್ದೇ ಹೋಯ್ತು. ನಿನ್ನೆ ಏನಾಗಿದ್ದೆ? ನಿನ್ನೆ ಮದುಮಗಳು, ಮಂಟಪದಿಂದ ಓಡಿಹೋದೆ. ಯಾರ ಜೊತೆಗೇ? ಅವನೂ ನಾನೇ ಅಮ್ಮ, ಬೂಟು ಬದಲಾಯಿಸಿಕೊಂಡು. ಬಕೆಟ್ಟಿನಲ್ಲಿ ಕಾಲಿಟ್ಟು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು, ನೀರಿನಲ್ಲಿ ಎರಡು ಪಾದ, ಎಡದ್ದು ಒಳಕ್ಕೆ ತಿರುಗಿ.

ಅಳಿಯ ಬೆಳಿಗ್ಗೆ ಬಂದಿದ್ದ, ಲಿಫ್ಟ್ ರಿಪೇರಿಯವನು, ಎಲ್ಲಿಗೆ ಬಂದರೂ ಅಲ್ಲಿನ ಲಿಫ್ಟಿನ ಕೇಬಲ್ಲನ್ನು ಒಮ್ಮೆ ಕಿವಿಗೊಟ್ಟು ಕೇಳಿಯೇ ಮೇಲೆ ಬರುತ್ತಾನೆ, ಉಪಕರಣಗಳ ಪೆಟ್ಟಿಗೆಯನ್ನು ಬಾಗಿಲ ಬಳಿ ಝಣ್ ಎಂದು ಇಟ್ಟು, ಅತ್ತೆ, ವರ್ಷವೆಲ್ಲ ಸಿನಿಮಾ ನೋಡಿದ್ರಲ್ಲ, ಯಾವುದು ಹಿಡಿಸ್ತು ಎಂದ. ಏನು ಹೇಳಲಿ, ಮಗಳಿರುವವರೆಗೂ ಒಂದು ಸಿನಿಮಾ ಕಾಣದವಳು ನಾನು, ಆಟದ ಹೊತ್ತಿಗೇ ನನ್ನ ಪ್ರಾರ್ಥನೆಯ ಹೊತ್ತು, ಅವಳಿಗೂ ಇವನಿಗೂ ಅದು ತಿಳಿದಿತ್ತು, ಅವಳೆಂದೂ ಒತ್ತಾಯಿಸಿದವಳಲ್ಲ. ಅವಳು ಹೋದ ಮೇಲೆ ಅವನೇ ಎಲ್ಲವನ್ನೂ ಒಂದು ಬೆರಳುದ್ದದ ಡ್ರೈವಿಗೆ ತುಂಬಿಸಿ ಟೀವಿಯ ಬೆನ್ನಿಗೆ ಚುಚ್ಚಿಕೊಟ್ಟ, ಇದರಲ್ಲೆಲ್ಲ ಅವಳಿದ್ದಾಳೆ ಅತ್ತೆ, ನನ್ನ ಕೈಲಿ ಕೇಳೋಕಾಗಲ್ಲ, ನೀವಾದ್ರೂ ಕೇಳಿ. ಹಿಡಿಸಿದ್ದು ದೀಪಸ್ತಂಭದ ಕಾವಲುಗಾರನ ಸಿನಿಮಾ, ಸುರುಳಿ ಮೆಟ್ಟಿಲಲ್ಲಿ ಆ ಮುದುಕ ಉದ್ದಕ್ಕೂ ಹತ್ತುತ್ತಾನೆ, ಭಾರವಾದ ಬೂಟು, ಕಬ್ಬಿಣದ ಮೆಟ್ಟಿಲು, ಅಷ್ಟು ತೂಕ ಆ ಕಡ್ಡಿಯಂಥ ಹುಡುಗಿಗೆ ಎಲ್ಲಿಂದ ಬಂತು. ಹಿಮದಲ್ಲಿ ನಡೆಯುವ ಕಳ್ಳನ ಸಿನಿಮಾವೂ ಹಿಡಿಸಿತು, ಆ ಹಿಮ ಬಟ್ಟೆಯ ಚೀಲದಲ್ಲಿ ತುಂಬಿದ ಕಾರ್ನ್‌ಫ್ಲೋರ್ ಎಂದು ನನಗೊಬ್ಬಳಿಗೇ ಗೊತ್ತು, ಕಳ್ಳ ಕದ್ದದ್ದು ಏನು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕೆಳಗಿನ ಮನೆಯ ದರ್ಜಿಯಮ್ಮ ಜೊತೆಗೆ ಕೂರುತ್ತಿದ್ದಳು, ಮಂಡಿನೋವಿನವಳು, ಮೂರು ಮಹಡಿಗೂ ಲಿಫ್ಟೇ ಬೇಕು, ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು, ಅಕ್ಕಾ, ಕಣ್ಣು ಮುಚ್ಕೊಂಡು ಸಿನಿಮಾ ನೋಡೋರು ಭೂಮಿ ಮೇಲೆ ನೀವೊಬ್ರೇ, ಎಂಥಾ ಚಂದದ ಹೀರೋನ ಹೀಗೆ ದಂಡ ಮಾಡ್ತಿದೀರಿ. ದೆವ್ವದ ಸಿನಿಮಾ ದಿನ ಅವಳಿಗೆ ನಗುವೋ ನಗು, ಅಕ್ಕಾ, ದೆವ್ವಕ್ಕೆ ಕಾಲೇ ಇರಲ್ಲ ಅಂತಾರೆ, ಹಾಗಿದ್ರೆ ಇದರಲ್ಲಿ ನಮ್ಮ ಹುಡುಗಿಗೇನು ಕೆಲಸ? ಅಷ್ಟರಲ್ಲಿ ಖಾಲಿ ಓಣಿಯಲ್ಲಿ ಬರಿಗಾಲ ಸದ್ದು ಬಂತು, ಚಿತ್ರದಲ್ಲಿ ಯಾರೂ ಇಲ್ಲ, ಸದ್ದು ಮಾತ್ರ, ಬರಿಗಾಲಾದ್ದರಿಂದ ಬೂಟಿನ ಮರೆ ಇರಲಿಲ್ಲ, ಅಂಗಾಲಿನ ಅಂಟು, ಹೆಬ್ಬೆರಳ ಒತ್ತು, ಎಡದ್ದು ಒಳಕ್ಕೆ — ದರ್ಜಿಯಮ್ಮ ಬಾಯಿಂದ ಸೂಜಿ ತೆಗೆದು ಪೆಟ್ಟಿಗೆಗೆ ಹಾಕಿದಳು, ಆಮೇಲೆ ಅವಳು ಸಿನಿಮಾಕ್ಕೆ ಬರಲಿಲ್ಲ. ಇದನ್ನೆಲ್ಲ ಅಳಿಯನಿಗೆ ಹೇಳಿದೆ, ಒಂದೊಂದನ್ನೂ ಎಷ್ಟು ಸಲ ಹಾಕಿ ಕೇಳಿದೆನೆಂದೂ ಹೇಳಿದೆ, ಅವನು ಪೆಟ್ಟಿಗೆಯ ಚಿಲಕ ತೆಗೆದು ಹಾಕಿ ಮಾಡಿದ, ಸಾಕು ಬಿಡಿ ಅತ್ತೆ, ಅವಳಿಗೂ ಸುಸ್ತಾಗಿರುತ್ತೆ.

ಸುಸ್ತಾಗಿರುತ್ತೆ. ಆ ಮಾತು ಹೊಕ್ಕಿದ್ದು ಹೊರಬರಲೊಲ್ಲದು. ಬೆಳಿಗ್ಗೆ ಸಂಜೆ ಕೈಮುಗಿದು ಅವಳಿಗೆ ವಿಶ್ರಾಂತಿ ಕೊಡು ತಂದೆ ಎಂದು ಬೇಡುವವಳು ನಾನು, ಮಧ್ಯಾಹ್ನವಾದರೆ ಗುಂಡಿ ಒತ್ತಿ ಅವಳನ್ನು ಎಬ್ಬಿಸಿ ನಡೆಸುವವಳೂ ನಾನೇ, ಆ ದೀಪಸ್ತಂಭವನ್ನು ಎಷ್ಟು ಸಲ ಹತ್ತಿಸಿದೆ, ಒಮ್ಮೆ ಮೆಟ್ಟಿಲ ನಡುವೆಯೇ ನಿಲ್ಲಿಸಿ ಒಲೆಯ ಮೇಲಿನ ಹಾಲು ನೋಡಲು ಹೋಗಿ ಮರೆತೇಬಿಟ್ಟೆ, ಸಂಜೆಯವರೆಗೂ ಅವಳು ಅಲ್ಲೇ ಒಂದು ಕಾಲೆತ್ತಿಕೊಂಡು ನಿಂತಿದ್ದಳು. ಸೇರಬೇಕಾದಲ್ಲಿಗೆ ಸೇರಿದಳೋ, ಇನ್ನೂ ದಾರಿಯಲ್ಲೇ ಇದ್ದಾಳೋ, ಅದೊಂದನ್ನೇ ನಾನು ನಿನ್ನನ್ನು ಕೇಳುವುದು, ಬೇರೇನನ್ನೂ ಕೇಳಿಲ್ಲ, ಯಾಕೆಂದರೆ ಅವಳು ಹೊರಟದ್ದು ದಾರಿಯ ನಡುವಿನಿಂದ, ಲಿಫ್ಟು ಬಂದ ಮೇಲೂ ಈ ಕಟ್ಟಡದ ಮೆಟ್ಟಿಲು ತುಳಿಯುತ್ತಿದ್ದವಳು ಅವಳೊಬ್ಬಳೇ, ಅಭ್ಯಾಸ ತಪ್ಪಬಾರದು ಅಮ್ಮ ಎನ್ನುತ್ತಿದ್ದಳು, ಆ ಸಂಜೆ ಕೆಳಗೆ ಟಕ್, ಸರ್ರ್ ಎಂದು ಶುರುವಾಯಿತು, ಇವತ್ತು ಬಹಳ ದಣಿದಿದ್ದಾಳೆ ಎಂದು ನೀರಿಟ್ಟೆ, ಟಕ್, ಸರ್ರ್, ಎರಡನೇ ಮಹಡಿಯ ತಿರುವು, ಆಮೇಲೆ ಇಲ್ಲ, ಯಾರೊಡನೆಯೋ ಮಾತಿಗೆ ನಿಂತಿರಬೇಕು ಎಂದುಕೊಂಡೆ, ನೀರು ಕುದಿಯಿತು, ಕೆಳಗಿನಿಂದ ದರ್ಜಿಯಮ್ಮನ ಕೂಗು, ಅಕ್ಕಾ, ಅಕ್ಕಾ — ತಲೆಯೊಳಗೆ ನರ ಒಡೆದಿದೆ ಎಂದರು ಡಾಕ್ಟರು, ನೋವು ತಿಳಿದಿರಲಿಕ್ಕಿಲ್ಲ ಎಂದರು, ಇರಬಹುದು, ಆದರೆ ಮೇಲಿನ ಮೆಟ್ಟಿಲುಗಳು ಹಾಗೆಯೇ ಉಳಿದವು, ಬಾಗಿಲ ಕೆಳಗಿನ ಬೆಳಕು ಖಾಲಿ ಉಳಿಯಿತು.

ಇನ್ನು ಉಳಿದಿರುವುದು ಒಂದೇ ಸಿನಿಮಾ, ಅವಳ ಕೊನೆಯದು, ಬೆಳಿಗ್ಗೆ ಅಳಿಯ ತಂದು ಅದೇ ಡ್ರೈವಿಗೆ ಸೇರಿಸಿಟ್ಟದ್ದು. ಸದ್ದು ಹಿಡಿಯುವ ಅವಳ ಜೊತೆಗಾರ ಮೊನ್ನೆ ಫೋನು ಮಾಡಿದ್ದ, ಅಮ್ಮಾ, ನಾನು ರೆಕಾರ್ಡಿಂಗ್‌ನವನು, ಬಿಡುಗಡೆ ಆಯ್ತು, ಅಳಿಯಂದಿರ ಕೈಲಿ ಕಳಿಸಿದೀನಿ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಕೊನೇ ದೃಶ್ಯ ಅವಳದಲ್ಲ, ಅದನ್ನ ಮಾರನೇ ದಿನಕ್ಕೆ ಇಟ್ಕೊಂಡಿದ್ವಿ, ಅಷ್ಟರಲ್ಲಿ ಹೀಗಾಯ್ತು, ಹೊಸಬಳ ಹತ್ರ ಮಾಡಿಸಿದ್ವಿ, ನೀವು ಅವಳದೇ ಅಂದ್ಕೊಂಡು ಕೇಳ್ಬಾರ್ದಲ್ಲ. ಒಳ್ಳೆಯ ಮನುಷ್ಯ. ಆದ್ದರಿಂದ ನಿನ್ನ ಮುಂದೆ ಮಾತು ಕೊಡುತ್ತೇನೆ ದೇವರೇ, ಇದನ್ನೊಂದು ಸಲ ಕೇಳುತ್ತೇನೆ, ಒಂದೇ ಸಲ, ಆಮೇಲೆ ಡ್ರೈವನ್ನು ಕಿತ್ತು ಅಳಿಯನಿಗೆ ಕೊಟ್ಟುಬಿಡುತ್ತೇನೆ, ಅವಳು ಕೂರಲಿ, ಕಾಲು ಚಾಚಲಿ. ಒತ್ತಿದೆ. ಬೆಳಕು. ಊರು ಬಿಟ್ಟ ಹೆಂಗಸೊಬ್ಬಳು ಎಷ್ಟೋ ವರ್ಷಗಳ ಮೇಲೆ ಹಿಂತಿರುಗುತ್ತಾಳೆ, ಇಷ್ಟೇ ಕತೆ, ರೈಲು ನಿಲ್ದಾಣ, ಒದ್ದೆ ರಸ್ತೆ, ಸೇತುವೆ, ಎಲ್ಲ ಕಡೆಗೂ ನಡೆದೇ ಹೋಗುತ್ತಾಳೆ, ಕಣ್ಣು ಮುಚ್ಚುತ್ತೇನೆ, ಇಗೋ ಬಂದೆಯಾ, ಒದ್ದೆ ರಸ್ತೆಗೆ ಅವಳು ಗೋಣಿ ನೆನೆಸಿ ಹಾಸುತ್ತಿದ್ದಳು, ಸೇತುವೆಗೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಎಷ್ಟು ಹಗುರ ನಡೆಯುತ್ತಿದ್ದಾಳೆ, ಎಳೆತವೇ ಇಲ್ಲ, ಮೈಕಿನ ಮುಂದೆ ಎಂದೂ ಕಾಲು ಎಳೆಯಲಿಲ್ಲ, ಎಳೆತವನ್ನಷ್ಟೂ ನನಗಾಗಿ ಉಳಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಅಂಗಡಿ, ಅಣ್ಣನ ಮನೆ, ಜಗಳ, ಮತ್ತೆ ರಸ್ತೆ, ಮಣಿ ಬೆರಳ ಸಂದಿಯಲ್ಲಿ ತಾನೇ ಸರಿಯುತ್ತಿದೆ, ಒಂದೊಂದು ಹೆಜ್ಜೆಗೆ ಒಂದೊಂದು ಮಣಿ, ಇದು ಪಾಪವೋ ಏನೋ. ಈಗ ಕೊನೆಯ ದೃಶ್ಯ ಇರಬೇಕು, ಹೊಸಬಳದು, ಇನ್ನು ಕಣ್ಣು ತೆರೆಯಬಹುದು. ತೆರೆದೆ. ಹಳೆಯ ಕಟ್ಟಡ, ಮೆಟ್ಟಿಲು, ಹೆಂಗಸು ಹತ್ತುತ್ತಾಳೆ, ಹೊಸಬಳು ಚೆನ್ನಾಗಿಯೇ ಮಾಡಿದ್ದಾಳೆ, ಹಿಮ್ಮಡಿ ಸ್ವಲ್ಪ ಗಟ್ಟಿ, ಕಲಿಯುತ್ತಾಳೆ, ತಿರುವು, ಮತ್ತೆ ಮೆಟ್ಟಿಲು, ಬಾಗಿಲು, ಬಾಗಿಲ ಮುಂದೆ ನಿಂತಳು. ನಿಂತಳು. ಎರಡು ಕಾಲೂ ಕಾಣುತ್ತಿವೆ, ಜೋಡಿಸಿ ನಿಂತಿದ್ದಾಳೆ, ಅಲುಗಿಲ್ಲ.

ಟಕ್, ಸರ್ರ್.

ಇಲ್ಲ, ಹೀಗಾಗಬಾರದು, ಅವರ ಕಸುಬಿನಲ್ಲಿ ಇದೇ ದೊಡ್ಡ ತಪ್ಪು ಎಂದು ಅವಳೇ ಹೇಳಿದ್ದಳು, ಚಿತ್ರದಲ್ಲಿ ಕಾಲು ನಿಂತ ಮೇಲೂ ಒಂದು ಹೆಜ್ಜೆ ಉಳಿದುಬಿಡುವುದು, ಅನಾಥ ಹೆಜ್ಜೆ ಎನ್ನುತ್ತಿದ್ದರಂತೆ, ಹಾಗಾದ ದಿನ ರೆಕಾರ್ಡಿಂಗ್‌ನವನು ಕೂಗುತ್ತಿದ್ದನಂತೆ, ಯಾರದಪ್ಪಾ ಇದು, ಬಂದು ತಗೊಂಡು ಹೋಗಿ — ನಕ್ಕು ನಕ್ಕು ಬಕೆಟ್ಟಿನ ನೀರು ಚೆಲ್ಲಿದ್ದಳು. ಹೊಸಬಳ ತಪ್ಪಿರಬೇಕು, ಕಲಿಯುವವರು ಮಾಡುತ್ತಾರೆ, ಆದರೆ ಎಳೆತ, ಎಳೆತ ಹೊಸಬಳಿಗೆ ಯಾರು ಹೇಳಿಕೊಟ್ಟರು, ಅದನ್ನು ಮೈಕೇ ಕೇಳಿರಲಿಲ್ಲ. ಇನ್ನೊಮ್ಮೆ ಕೇಳಿದರೆ ತಿಳಿದೀತು. ಹೆಬ್ಬೆರಳು ಗುಂಡಿಯ ಮೇಲಿದೆ, ಹಿಂದಕ್ಕೆ ಓಡಿಸಿದರೆ ಸಾಕು, ಆ ಹೆಂಗಸು ಮತ್ತೆ ಕೆಳಗಿನಿಂದ ಹತ್ತುತ್ತಾಳೆ, ಅವಳ ಹಿಂದೆ ನನ್ನವಳೂ ಹತ್ತಬೇಕು, ಆ ತಿರುವನ್ನು ದಾಟಬೇಕು, ಮತ್ತೆ — ಇಲ್ಲ, ಮಾತು ಕೊಟ್ಟಿದ್ದೇನೆ, ಒಂದೇ ಸಲ. ಸಾಕು ಮಗಳೇ, ಕೂತುಕೋ. ಆರಿಸಿದೆ. ಗಾಜು ಕಪ್ಪಾಯಿತು, ನನ್ನ ಮುಖ, ಮುಖದ ಹಿಂದೆ ಬಾಗಿಲು, ಫ್ರಿಜ್ಜಿನ ಸದ್ದೂ ಇಲ್ಲ, ಮನೆ ಕಿವಿಗೊಟ್ಟಂತಿದೆ. ಟಕ್, ಸರ್ರ್. ಹೊರಗೆ, ಮೆಟ್ಟಿಲಲ್ಲಿ, ಎರಡನೇ ಮಹಡಿಯ ತಿರುವಿನಿಂದ ಮೇಲೆ. ಅಳಿಯನಾದರೆ ಲಿಫ್ಟಿನಲ್ಲಿ ಬರುತ್ತಾನೆ, ದರ್ಜಿಯಮ್ಮನೂ ಲಿಫ್ಟಿನಲ್ಲೇ. ಟಕ್, ಸರ್ರ್. ನೀರು ಕಾಯಿಸಬೇಕು, ಏಳಬೇಕು, ಮಣಿ ನಿಂತಿದೆ, ನಾನು ಗುಂಡಿ ಒತ್ತಲಿಲ್ಲ ತಂದೆ, ನೀನು ನೋಡಿದ್ದೀಯ, ನಾನು ಕರೆಯಲಿಲ್ಲ, ತಾನೇ ಬರುತ್ತಿದ್ದಾಳೆ, ಉಳಿದದ್ದನ್ನು ಹತ್ತಿ ಮುಗಿಸುತ್ತಿದ್ದಾಳೆ, ಟಕ್, ಸರ್ರ್, ಟಕ್ — ನಿಂತಿತು. ತಿರುಗಿ ನೋಡಲಾರೆ, ಕಪ್ಪು ಗಾಜನ್ನೇ ನೋಡುತ್ತೇನೆ, ಅದರಲ್ಲಿ ಬಾಗಿಲು, ಬಾಗಿಲ ಕೆಳಗೆ ಬೆರಳಗಲದ ಬೆಳಕು, ಬೆಳಕಿನಲ್ಲಿ ಎರಡು ನೆರಳು, ಒಂದು ನೇರ, ಇನ್ನೊಂದು ತುಸು ಒಳಕ್ಕೆ, ಒಂದು ನೇರ, ಇನ್ನೊಂದು ತುಸು ಒಳಕ್ಕೆ