ಅಟ್ಟದವಳಿಗೆ ಇಟ್ಟ ಕಷಾಯ

ಈ ಕಥೆಯಲ್ಲಿ ಒಂದೇ ಒಂದು ಸುಳ್ಳಿದ್ದರೂ ನಾಳೆಯಿಂದ ನನ್ನ ಮುದ್ದೆಗೆ ಸಾರು ಸಿಗದಿರಲಿ. ದಂಡಿಗನಹಳ್ಳಿ ಕಡೆಯ ಒಂದು ಮನೆಯಲ್ಲಿ ಅಟ್ಟ ನರಳುತ್ತಿತ್ತು.

ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಅಲ್ಲಿಗೆ ಯಾರೂ ಹತ್ತುವುದಿಲ್ಲ. ಆದರೂ ಈ ಮನೆಯಲ್ಲಿ ತಿಂಗಳಿಗೊಮ್ಮೆ, ನಡುಮಧ್ಯಾಹ್ನ, ಮೇಲೆ ಕಾಯಿಗಳು ಗುಡುಗುಡು ಉರುಳುತ್ತಿದ್ದವು. ಹಿಂದೆಯೇ ಹಲ್ಲು ಕಚ್ಚಿಕೊಂಡು ಅತ್ತಂಥ ಸದ್ದು. ಅದಕ್ಕೆ ಹೆದರಿ ಇಲಿಗಳು ಸಂಸಾರ ಸಮೇತ ಪಕ್ಕದ ಮನೆಗೆ ಹೋದವು. ಬೆಕ್ಕು ಊಟವಿಲ್ಲದೆ ಸೊರಗಿತು. ಮನೆಯ ಹಿರಿಯಳು ಸುಬ್ಬಮ್ಮ ಮಾತ್ರ ಏಣಿಯ ಕೆಳಮೆಟ್ಟಿಲ ಮೇಲೆ ಒಂದು ಲೋಟ ಬಿಸಿ ಜೀರಿಗೆ ಕಷಾಯ ಇಟ್ಟು, ಅಟ್ಟದವಳಿಗೆ ಎಂದು ಹೇಳಿ ತೋಟಕ್ಕೆ ಹೋಗುತ್ತಿದ್ದಳು. ಸಂಜೆಗೆ ಲೋಟ ಖಾಲಿ.

ಕುಡಿಯುತ್ತಿದ್ದವಳು ಸೊಸೆ ಧನಲಕ್ಷ್ಮಿ.

ಮುಟ್ಟಾದಾಗ ಅವಳ ಕಿಬ್ಬೊಟ್ಟೆಯನ್ನು ಯಾರೋ ಒಳಗಿನಿಂದ ಹಿಂಡಿದಂತೆ ನೋವು. ನರಳಿದರೆ ನಾಟಕ ಅನ್ನುತ್ತಾರೆ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ; ಅದಕ್ಕೂ ಸೇರಿಸಿ ಮಾತು ಬರುತ್ತದೆ. ಅವಳು ಈ ಮನೆಗೆ ಬರುವ ಮೊದಲೇ ಅಟ್ಟಕ್ಕೆ ದೆವ್ವದ ಹೆಸರಿತ್ತು. ದೆವ್ವವಿದ್ದಲ್ಲಿಗೆ ಯಾರೂ ಹುಡುಕಿಕೊಂಡು ಬರುವುದಿಲ್ಲವಲ್ಲ ಎಂದು ಅಲ್ಲಿಗೇ ಹತ್ತಿ, ಸೆರಗು ಬಾಯಿಗೆ ತುರುಕಿಕೊಂಡು ಹೊರಳುತ್ತಿದ್ದಳು. ಸಂಜೆ ಮುಖ ತೊಳೆದು ನಗುತ್ತ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ಬರಬರುತ್ತ ಅವಳಿಗೊಂದು ಭಯ ಹಿಡಿಯಿತು: ಕೆಳಗೆ ನಗುವವಳು ತಾನು, ಮೇಲೆ ನರಳುವವಳು ಬೇರೆ ಯಾರೋ. ನೋವಿಲ್ಲದ ದಿನಗಳಲ್ಲೂ ಆ ಇನ್ನೊಬ್ಬಳು ಅಟ್ಟದ ಸಂದಿಯಿಂದ ತನ್ನನ್ನೇ ನೋಡುತ್ತ ಕೂತಂತೆ.

ಒಂದು ಮಧ್ಯಾಹ್ನ ಅವಳು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಮುಟ್ಟಿಗೆ ಇನ್ನೂ ಹತ್ತು ದಿನವಿತ್ತು. ಅಟ್ಟ ನರಳಿತು.

ಕೋಲು ಕೈಯಲ್ಲೇ ನಿಂತಿತು. ತನ್ನದೇ ನರಳಿಕೆ, ತಾನಿಲ್ಲದೆ. ಏಣಿಯ ಬಳಿ ಬಂದಳು. ತಾನು ಹತ್ತಿ ಎರಡು ವಾರ ಕಳೆದಿದ್ದರೂ ಏಣಿಯಲ್ಲಿ ಧೂಳಿನ ಹೆಸರಿಲ್ಲ. ಹತ್ತಿದಳು. ಕಾಯಿರಾಶಿಯ ಹಿಂದೆ ಎರಡು ಕಣ್ಣು.

ಬಾಯಿಗೆ ದುಪಟ್ಟಾ ತುರುಕಿಕೊಂಡ ನಾದಿನಿ ಅನುಶ್ರೀ. ಕಾಲೇಜಿಗೆ ಹೋಗಿದ್ದಾಳೆಂದು ಎಲ್ಲರೂ ತಿಳಿದಿದ್ದ ಹುಡುಗಿ.

"ಅತ್ತಿಗೆ, ಅವ್ವಂಗ್ ಯೋಳ್ಬ್ಯಾಡಿ. ನೀವು ಇಲ್ಗೇ ಬತ್ತೀರಲ್ಲ, ಅದ್ಕೇ ನಾನೂ ಬಂದೆ."

ಧನಲಕ್ಷ್ಮಿಗೆ ನಿಜವಾದ ಹೆದರಿಕೆ ಆದದ್ದು ಆಗಲೇ. ತಾನು ಸುಮ್ಮನಿದ್ದರೆ ಅಟ್ಟದ ಮುಂದಿನ ದೆವ್ವ ಈ ಹುಡುಗಿಯೇ. ನೆಟ್ಟಗೆ ಹೋಗಿ ಆಶಾ ಕಾರ್ಯಕರ್ತೆ ಯಶೋಧರಾಳನ್ನು ಕರೆತಂದಳು.

ಸುಬ್ಬಮ್ಮ ಅಡ್ಡ ನಿಂತಳು. ಹೆಣ್ಣಾದ ಮೇಲೆ ಹೊಟ್ಟೆನೋವು ಇದ್ದದ್ದೇ, ಮದುವೆಯಾಗದ ಹುಡುಗಿಯನ್ನು ಆಸ್ಪತ್ರೆಗೆ ಅಲೆಸಿದರೆ ಊರು ಏನಂದೀತು ಎಂದಳು.

"ಸುಬ್ಬಮ್ಮಾರೆ, ಒಸಿ ನೋವು ಎಲ್ರಿಗೂ ಬತ್ತದೆ," ಅಂದಳು ಯಶೋಧರಾ. "ಏಳಕಾಗ್ದಂಗೆ ಬಂದ್ರೆ ಕಾಯ್ಲೆ ಇರ್ಬೋದು. ಎಂಡೊಮೆಟ್ರಿಯೋಸಿಸ್ ಅಂತಾರೆ. ಗರ್ಭಕೋಶದ ಒಳಗಿನ ಪದರದಂಥದ್ದೇ ಆಚೆನೂ ಬೆಳ್ಕಂಡು ನೋವು ಕೊಡ್ತದೆ. ಒಂದೊಂದ್ಸಲ ಅವ್ವಂಗಿದ್ರೆ ಮಗಳ್ಗೂ ಬತ್ತದೆ."

ಸುಬ್ಬಮ್ಮ ಏಣಿಯ ಕೆಳಮೆಟ್ಟಿಲ ಮೇಲೆ ಕೂತಳು.

"ಇವ್ರಿಗಿಂತ ಮುಂಚೆ ಅಲ್ಲಿ ನರಳ್ತಿದ್ದೋಳು ನಾನೇ ಕಣವ್ವ. ಇಲ್ದಿದ್ರೆ ದೆವ್ವಕ್ಕೆ ಯಾರಾದ್ರೂ ಜೀರ್ಗೆ ಕಷಾಯ ಮಡುಗ್ತಾರಾ?"

ಅತ್ತೆ, ಸೊಸೆ, ಮಗಳು ಮೂವರೂ ಒಂದೇ ಬಸ್ಸಿನಲ್ಲಿ ಹಾಸನಕ್ಕೆ ಹೋದರು. ಧನಲಕ್ಷ್ಮಿಗೆ ಅದೇ ಕಾಯಿಲೆ. ಅನುಶ್ರೀಗೂ ಇರಬಹುದೆಂದು ಡಾಕ್ಟರು ಆಗಲೇ ಮಾತ್ರೆ ಕೊಟ್ಟರು. ಪೂರ್ತಿ ಹೋಗದಿದ್ದರೂ ಹಿಡಿತದಲ್ಲಿಡಬಹುದು ಎಂದರು. ಅಲ್ಲಿನ ಆಪ್ತಸಲಹೆಗಾರ್ತಿಯ ಮುಂದೆ ಧನಲಕ್ಷ್ಮಿ ಅಟ್ಟದ ಆ ಇನ್ನೊಬ್ಬಳ ವಿಷಯ ಹೇಳಿದಾಗ ಆಕೆ ನಗಲಿಲ್ಲ. ನೋವನ್ನು ಬಚ್ಚಿಟ್ಟು ಬಚ್ಚಿಟ್ಟು ಮನಸ್ಸು ಕಂಡುಕೊಂಡ ದಾರಿ ಅದು, ಹುಚ್ಚಲ್ಲ ಎಂದರು.

ಈಗ ನೋವಿನ ದಿನ ಧನಲಕ್ಷ್ಮಿ ನಡುಮನೆಯಲ್ಲೇ ಚಾಪೆ ಹಾಸಿ, ಎಲ್ಲರಿಗೂ ಕೇಳುವಂತೆ ನರಳುತ್ತಾಳೆ. ಗಂಡ ಹರ್ಷವರ್ಧನ್ ಮುದ್ದೆ ತಿರುವುತ್ತಾನೆ, ಬರೀ ಗಂಟು. ಇಲಿಗಳು ವಾಪಸ್ ಬಂದಿವೆ, ಬೆಕ್ಕು ದಪ್ಪವಾಗಿದೆ.

ಅಕ್ಕತಂಗಿಯರೇ, ತಿಂಗಳ ನೋವು ಕೆಲಸ, ಓದು, ನಿದ್ದೆ ಕೆಡಿಸುವಷ್ಟಿದ್ದರೆ ಸಹಿಸಿಕೊಂಡು ಕೂರಬೇಡಿ. ಬಾಯಿಬಿಟ್ಟು ಹೇಳಿ, ಡಾಕ್ಟರಿಗೆ ತೋರಿಸಿ. ಅಣ್ಣತಮ್ಮಂದಿರೇ, ಇದೆಲ್ಲ ಬುರುಡೆ ಅನ್ನಿಸಿತೇ? ಮನೆಗೆ ಹೋಗಿ ನಿಮ್ಮ ಅಟ್ಟದ ಏಣಿಯ ಮೇಲೆ ಒಂದು ಸಲ ಬೆರಳಾಡಿಸಿ. ಧೂಳು ಹತ್ತದಿದ್ದರೆ ಕಷಾಯ ಕಾಯಿಸಿಕೊಂಡು ನೀವೇ ಮೇಲೆ ಹೋಗಿ. ಉಳಿದರೆ ಕಥೆ ಹೇಳಿದ ನನಗೂ ಅರ್ಧ ಲೋಟ. ಬೆಲ್ಲ ಜಾಸ್ತಿ ಇರಲಿ.