ಫಿಟ್ಟರಣ್ಣನ ಮೆಚ್ಚುಗೆ

ನೇಯ್ಗೆ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವರ ಎದುರಿಗೆ ಗುಟ್ಟು ಮಾತಾಡಬಾರದು. ಅವರಿಗೆ ಕೇಳಿಸುವುದಿಲ್ಲ ನಿಜ, ಆದರೆ ಎಲ್ಲವೂ ತಿಳಿದುಬಿಡುತ್ತದೆ. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವನಿಗೆ ತಲುಪದು. ಹಾಗಾಗಿ ಅಲ್ಲಿಯವರೆಲ್ಲ ಸದ್ದಿಲ್ಲದೆ ತುಟಿಯಾಡಿಸಿ ಮಾತಾಡುತ್ತಾರೆ, ತುಟಿ ನೋಡಿ ಉತ್ತರ ಕೊಡುತ್ತಾರೆ. ಯಾರ ಮನೆಯಲ್ಲಿ ಜಗಳ, ಯಾರಿಗೆ ಬಡ್ತಿ, ಮೇಲ್ವಿಚಾರಕನ ಹೊಸ ಕ್ರಾಪು ಎಷ್ಟು ಕೆಟ್ಟದಾಗಿದೆ ಎಂಬ ಸುದ್ದಿಗಳೆಲ್ಲ ಆ ಗದ್ದಲದ ನಡುವೆಯೇ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತವೆ.

ಈ ವಿದ್ಯೆಯಲ್ಲಿ ಫಿಟ್ಟರಣ್ಣನನ್ನು ಮೀರಿಸುವವರಿರಲಿಲ್ಲ. ಕೆಟ್ಟ ಮಗ್ಗಗಳನ್ನು ಸರಿಮಾಡುವುದು ಅವನ ಕೆಲಸ. ಕಾರ್ಖಾನೆಗೆ ಕಾರ್ಖಾನೆಯೇ ಅವನನ್ನು ಹಾಗೆ ಕರೆಯುತ್ತಿತ್ತು. ಮ್ಯಾನೇಜರು ಗಾಜಿನ ಕೋಣೆಯೊಳಗೆ ಕೂತು ಫೋನಿನಲ್ಲಿ ಹೆಂಡತಿಯ ಕ್ಷಮೆ ಕೇಳಿದ್ದನ್ನು ಹೊರಗಿನಿಂದಲೇ ಓದಿ ಎಲ್ಲರಿಗೂ ಹಂಚಿದವನು ಅವನೇ.

ಈ ಜಾಣತನದಿಂದಲೇ ಅವನು ಕೆಟ್ಟ. ಕಿವಿ ಯಾವಾಗ ಕೈಕೊಟ್ಟಿತೋ ಅವನಿಗೇ ತಿಳಿಯಲಿಲ್ಲ, ಇನ್ನು ಮನೆಯವರಿಗೆ ಹೇಗೆ ತಿಳಿಯಬೇಕು! ಎದುರು ನಿಂತು ಮಾತಾಡಿದರೆ ತಕ್ಷಣ ಉತ್ತರ. ಹಿಂದಿನಿಂದ ಕರೆದರೆ ಕಲ್ಲಿನಂತೆ ಕೂತಿರುತ್ತಿದ್ದ. "ಇವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತೆ" ಎಂದು ಹೆಂಡತಿ ತೀರ್ಪು ಕೊಟ್ಟಿದ್ದಳು. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಕಿವಿಗೆ ಮಷಿನ್ನು ಹಾಕಿಸಿಕೊಂಡೂ ಬಂದಿದ್ದ. ಅದು ಪಾತ್ರೆಯ ಸದ್ದನ್ನೂ ಮನುಷ್ಯರ ಮಾತನ್ನೂ ಒಟ್ಟಿಗೆ ಕಲಸಿ ಕಿರುಚಿ ತಲೆ ಚಿಟ್ಟು ಹಿಡಿಸಿತು. ಅದನ್ನು ಬೀರುವಿನಲ್ಲಿಟ್ಟು, "ಈಗ ಪರವಾಗಿಲ್ಲ, ಕೇಳಿಸುತ್ತೆ" ಎಂದುಬಿಟ್ಟ. ತುಟಿ ನೋಡಿ ಸರಿಯಾಗಿ ಉತ್ತರ ಕೊಡುತ್ತಿದ್ದನಲ್ಲ, ಮನೆಯವರೂ ನಂಬಿದರು.

ತೊಂದರೆ ಏನೆಂದರೆ, ಗಿಟಾರಿಗೆ ತುಟಿಯಿಲ್ಲ.

ಮಗಳು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಗೆಳತಿಯೊಬ್ಬಳ ಹಳೆಯ ಮರದ ಗಿಟಾರು ಮನೆಗೆ ತಂದಳು. ದಿನವೆಲ್ಲ ಪಾರ್ಸೆಲ್ ತೂಗಿ, ಜನರ ಬೈಗುಳ ತಿಂದು ಬಂದವಳು ಸಂಜೆ ಅದನ್ನು ತೊಡೆಯ ಮೇಲಿಟ್ಟುಕೊಂಡರೆ ಮುಖವೇ ಬೇರೆಯಾಗುತ್ತಿತ್ತು. ನುಡಿಸುವುದು ಅಪ್ಪನ ಎದುರಿಗೇ ಆಗಬೇಕು, ಮುಗಿದ ಮೇಲೆ ಅಪ್ಪನೇ ಹೇಳಬೇಕು. ಅಮ್ಮ ಆಕಳಿಸುತ್ತಾಳೆ ಎಂದು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಫಿಟ್ಟರಣ್ಣನಿಗೆ ಕೇಳಿಸುತ್ತಿದ್ದದ್ದು ಮರಕ್ಕೆ ಉಗುರು ತಾಗಿದ ಟಕ್ ಟಕ್ ಮಾತ್ರ. ಅದೂ ಅವಳು ಜೋರಾಗಿ ಮೀಟಿದರೆ. ಆದರೂ ಹೊಗಳುವುದರಲ್ಲಿ ಒಂದು ದಿನವೂ ಹಿಂದೆ ಬೀಳಲಿಲ್ಲ. ನುಡಿಸಿ ಮುಗಿಸಿದವಳ ಹಣೆ ಸಡಿಲವಾಗಿದ್ದರೆ "ಅದ್ಭುತ!" ಎನ್ನುತ್ತಿದ್ದ. ತುಟಿ ಕಚ್ಚಿಕೊಂಡಿದ್ದರೆ "ನಿನ್ನೆಗಿಂತ ಎಷ್ಟೋ ವಾಸಿ" ಎನ್ನುತ್ತಿದ್ದ. ಮುಖ ನೋಡಿ ಮೆಚ್ಚುಗೆ ಅಳೆದು ಕೊಡುವುದರಲ್ಲಿ ಅಷ್ಟು ಪಳಗಿಬಿಟ್ಟಿದ್ದ. ಮಗಳು ಅರಳಿಕೊಂಡು ಒಳಗೆ ಹೋಗುತ್ತಿದ್ದಳು. ಇವನು ಮಾತ್ರ ಅಲ್ಲೇ ಕೂತು ಒಳಗೊಳಗೇ ಕೊರಗುತ್ತಿದ್ದ. ಇರುವವಳು ಒಬ್ಬಳೇ ಮಗಳು, ಅವಳು ನುಡಿಸುವುದನ್ನು ಒಮ್ಮೆಯಾದರೂ ಕೇಳದೆ ಹೋಗಿಬಿಡುತ್ತೇನಲ್ಲ ಎಂಬ ಸಂಕಟ ಅವನನ್ನು ಹಗಲಿಡೀ ಬಿಡುತ್ತಿರಲಿಲ್ಲ.

ಹೀಗಿರುವಾಗ ಕಾರ್ಖಾನೆಯ ವಾರ್ಷಿಕೋತ್ಸವ ಬಂತು. ತಡವಾಗಿ ಹೋದ ಫಿಟ್ಟರಣ್ಣನಿಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಕುರ್ಚಿ, ವೇದಿಕೆಯ ಪಕ್ಕದ ದೊಡ್ಡ ಸ್ಪೀಕರಿನ ಬುಡದಲ್ಲಿ. ಬಾಡಿಗೆಗೆ ಬಂದ ಬ್ಯಾಂಡಿನಲ್ಲಿ ಉದ್ದ ಕೂದಲಿನವನೊಬ್ಬ ಕೆಂಪು ಗಿಟಾರನ್ನು ಕುತ್ತಿಗೆಗೆ ನೇತುಹಾಕಿಕೊಂಡು ಒಂದು ತಂತಿ ಮೀಟಿದ. ಫಿಟ್ಟರಣ್ಣ ಬೆಚ್ಚಿಬಿದ್ದ. ಸದ್ದು ಬಂತು! ಬರೀ ಗದ್ದಲವಲ್ಲ, ಸ್ವರ ಬಂತು. ಏರಿದ್ದು, ಇಳಿದದ್ದು, ಎಳೆದು ನಡುಗಿಸಿ ಬಿಟ್ಟದ್ದು, ಎಲ್ಲ ಬಿಡಿಬಿಡಿಯಾಗಿ ಬಂತು. ಅಕ್ಕಪಕ್ಕದವರು ಕಿವಿ ಮುಚ್ಚಿಕೊಂಡು ದೂರ ಸರಿಯುತ್ತಿದ್ದರೆ ಇವನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ಮಾರನೆಯ ಬೆಳಿಗ್ಗೆಯೇ ಮಗಳಿಗೆ ಹೇಳಿದ: "ನಿನಗೊಂದು ಕರೆಂಟಿನ ಗಿಟಾರು ಕೊಡಿಸ್ತೀನಿ."

"ಈ ಮರದ್ದೇ ಅದ್ಭುತ ಅಂತ ದಿನಾ ಹೇಳ್ತೀರಲ್ಲ?" ಹೆಂಡತಿ ಕೇಳಿದಳು.

"ಇವಳ ಕೈಗೆ ಅದು ಸಾಲದು ಕಣೇ" ಎಂದು ಜಾರಿಕೊಂಡ. ನಿಜ ಹೇಳಿದರೆ ಹಳೆಯ ಹೊಗಳಿಕೆಯ ಬಣ್ಣವೆಲ್ಲ ಬಯಲಾಗುತ್ತಿತ್ತು. ಬೇರೆ ಖರ್ಚು ಬಿಗಿಹಿಡಿದು, ಕೆಲವು ತಿಂಗಳಲ್ಲಿ ಹೇಳಿದ ಮಾತು ಉಳಿಸಿಕೊಂಡ.

ಗಿಟಾರು ಮನೆಗೆ ಬಂದ ದಿನ ಅವನು ಪಾಳಿ ಮುಗಿಸಿ ಬರುವ ಹೊತ್ತಿಗೆ ಮಗಳು ಎಕ್ಸ್‌ಟೆನ್ಷನ್ ಬೋರ್ಡು ಕೇಳಲು ಮೇಲಿನ ಮನೆಗೆ ಹೋಗಿದ್ದಳು. ಹೆಂಡತಿ ಫೋನಿನಲ್ಲಿ ತನ್ನ ಅಕ್ಕನ ಜೊತೆ ಹರಟುತ್ತಾ ಗಲ್ಲದಿಂದಲೇ ಮಂಚದ ಕಡೆ ತೋರಿಸಿದಳು.

ಮಂಚದ ಮೇಲೆ ಅದು ಮಲಗಿತ್ತು. ಕಡುನೀಲಿ ಮೈ, ಅಂಚಿಗೆ ಬರುಬರುತ್ತಾ ಕಪ್ಪು. ಎಲ್ಲಿ ನೀಲಿ ಮುಗಿಯಿತು, ಎಲ್ಲಿ ಕಪ್ಪು ಶುರುವಾಯಿತು ಎಂದು ಹುಡುಕಿದರೆ ಸಿಗದು. ಫಿಟ್ಟರಣ್ಣ ಬಗ್ಗಿದ. ಹೊಳಪಿನೊಳಗೆ ಅವನ ಮುಖವೇ ಕಂಡಿತು, ಮೀಸೆಯ ಬಿಳಿಗೂದಲಿನ ಸಮೇತ. ಕೈಗೆ ಗ್ರೀಸು ಮೆತ್ತಿದ್ದರಿಂದ ಮುಟ್ಟಲು ಧೈರ್ಯ ಬರಲಿಲ್ಲ. ಬೆನ್ನ ಹಿಂದೆ ಕೈಕಟ್ಟಿಕೊಂಡು ಮಂಚದ ಸುತ್ತ ನಡೆದೇ ನೋಡಿದ. ನುಡಿಸುವವರ ಪಕ್ಕೆಗೆ ಒತ್ತದಿರಲಿ ಎಂದು ಹಿಂಬದಿಯನ್ನು ಸ್ವಲ್ಪವೇ ಕೆತ್ತಿ ಇಳಿಸಿದ್ದರು. ಕತ್ತನ್ನು ಮೈಗೆ ಬಿಗಿದ ಬೋಲ್ಟುಗಳ ತಲೆ ಎಲ್ಲವೂ ಒಂದೇ ಮಟ್ಟ. ಮರಕ್ಕೂ ಮರಕ್ಕೂ ನಡುವೆ ಒಂದು ಹಾಳೆ ತೂರಿಸಲೂ ಸಂದಿಯಿಲ್ಲ. "ಭಲೇ!" ಎಂದ, ಮಾಡಿದವನು ಎದುರಿಗೇ ನಿಂತಿದ್ದಾನೋ ಎಂಬಂತೆ.

ಅವನ ಮಣಿಕಟ್ಟಿನ ಹಿಂಬದಿ ಮಾತ್ರ ಚೊಕ್ಕಟವಾಗಿತ್ತು. ಅದನ್ನೇ ಗಿಟಾರಿನ ಕತ್ತಿನ ಅಂಚಿಗೆ ತಾಗಿಸಿ ಮೆಲ್ಲಗೆ ಎಳೆದ. ಕತ್ತಿಗೆ ಅಡ್ಡಲಾಗಿ ಕೂರಿಸಿದ ಅಷ್ಟೊಂದು ಲೋಹದ ಪಟ್ಟಿಗಳ ತುದಿಯಲ್ಲಿ ಒಂದಾದರೂ ಚುಚ್ಚಬೇಡವೇ? ಚುಚ್ಚಲಿಲ್ಲ. ಯಾರೋ ಪುಣ್ಯಾತ್ಮ ಕೂತು ಒಂದೊಂದನ್ನೂ ಅರದಿಂದ ಉಜ್ಜಿ ನಯಮಾಡಿದ್ದ. ತಂತಿ ಬಿಗಿಯುವ ಕಿವಿಗಳ ಹಿಂದಿನ ಪುಟ್ಟ ಹಲ್ಲುಚಕ್ರಗಳನ್ನು ಕಂಡು ಫಿಟ್ಟರಣ್ಣನ ಬಾಯಲ್ಲಿ ನೀರೂರಿತು. ಎಲ್ಲಕ್ಕಿಂತ ಅವನನ್ನು ಹಿಡಿದು ನಿಲ್ಲಿಸಿದ್ದು ತಂತಿಗಳ ಕೆಳಗಿನ ಆಯಸ್ಕಾಂತದ ಪಟ್ಟಿಗಳು. ತಂತಿಗೆ ಅವು ತಾಗಿಯೇ ಇರಲಿಲ್ಲ. ಕೂದಲೆಳೆಯಷ್ಟು ನಡುಕವಾದರೂ ಸಾಕು, ದೂರದಿಂದಲೇ ಹಿಡಿದುಕೊಳ್ಳುತ್ತವಂತೆ. ಇಂಥದ್ದೊಂದು ಜೋಡಿ ನನ್ನ ತಲೆಗೂ ಇದ್ದಿದ್ದರೆ ಎಂದು ಅವನಿಗೆ ಆ ವಸ್ತುವಿನ ಮೇಲೆ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು.

ತಲೆಯೆತ್ತಿದರೆ ಹೆಂಡತಿಯ ತುಟಿ ಹೇಳುತ್ತಿತ್ತು: "ಅಯ್ಯೋ ಅಕ್ಕಾ, ಹೆಣ್ಣು ನೋಡೋಕೆ ಬಂದೋರು ಕೂಡಾ ಹೀಗೆ ನೋಡಲ್ಲ!"

ಫಿಟ್ಟರಣ್ಣ ನಾಚಿಕೊಂಡು ಕೈ ತೊಳೆಯಲು ಹೋದ. ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿದ. ಇವತ್ತು ಕೇಳುತ್ತೇನೆ, ಇವತ್ತು ಕೇಳೇ ಕೇಳುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮುಖ ಒರೆಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಈಚೆ ಬಂದ.

ಮಗಳು ಆಗಲೇ ಶುರುಮಾಡಿಬಿಟ್ಟಿದ್ದಳು. ತೊಡೆಯ ಮೇಲೆ ಗಿಟಾರು, ಅದರಿಂದ ಹೊರಟ ವೈರು ನೆಲದ ಮೇಲಿನ ಕಪ್ಪು ಸ್ಪೀಕರು ಪೆಟ್ಟಿಗೆಗೆ, ಪೆಟ್ಟಿಗೆಯ ಮೇಲೆ ಕೆಂಪು ದೀಪ. ಅವಳ ಬೆರಳುಗಳು ಕತ್ತಿನ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು.

ಫಿಟ್ಟರಣ್ಣನಿಗೆ ಏನೂ ಕೇಳಿಸಲಿಲ್ಲ.

ಒಂದು ಹೆಜ್ಜೆ ಮುಂದಿಟ್ಟ. ಇಲ್ಲ. ಪೆಟ್ಟಿಗೆಯ ಪಕ್ಕಕ್ಕೇ ಹೋಗಿ ನಿಂತ. ಇಲ್ಲವೇ ಇಲ್ಲ. ಕಣ್ಣಿನಲ್ಲೇ ವೈರು ಹಿಡಿದು ಗೋಡೆಯ ಪ್ಲಗ್ಗಿನವರೆಗೂ ಹೋಗಿ ಬಂದ. ಸ್ವಿಚ್ಚು ಹಾಕಿದೆ, ದೀಪ ಉರಿಯುತ್ತಿದೆ, ಎಲ್ಲೂ ಸಡಿಲವಿಲ್ಲ. ಯಂತ್ರ ಸರಿಯಾಗಿದೆ ಎಂದಮೇಲೆ ದೋಷ ತನ್ನದೇ. ವಾರ್ಷಿಕೋತ್ಸವದ ದಿನ ಉಳಿದಿದ್ದ ಚೂರುಪಾರು ಕಿವಿಯೂ ಈ ತಿಂಗಳುಗಳಲ್ಲಿ ಹೋಗಿಬಿಟ್ಟಿದೆ.

ಆ ಪೆಟ್ಟಿಗೆ ಕಾಲಬುಡದಲ್ಲೇ ಮೊರೆಯುತ್ತಿದ್ದರೆ ಹೆಂಡತಿ ಹಾಯಾಗಿ ಫೋನಿನಲ್ಲಿ ಹೇಗೆ ಹರಟುತ್ತಾಳೆ ಎಂದು ಅವನಿಗೆ ಹೊಳೆಯಬೇಕಿತ್ತು. ಹೆದರಿದವನಿಗೆ ಅಷ್ಟೆಲ್ಲ ಎಲ್ಲಿಂದ ಹೊಳೆಯಬೇಕು!

ಮಗಳು ತಲೆಯೆತ್ತಿ ನೋಡಿ ಕೈ ನಿಲ್ಲಿಸಿದಳು. ಫಿಟ್ಟರಣ್ಣ ರೂಢಿಯಾದದ್ದನ್ನೇ ಮಾಡಿದ.

"ಅದ್ಭುತ ಕಣೇ!" ಎಂದ. ದುಃಖ ಮುಚ್ಚಲು ಮಾತನ್ನು ಇನ್ನಷ್ಟು ಸುರಿದ. "ಹಳೇದು ಇದರ ಕಾಲಧೂಳಿಗೂ ಸಮ ಇಲ್ಲ. ಆ ಕೊನೇಲಿ ಎಳೆದೆಯಲ್ಲಾ, ನೆಟ್ಟಗೆ ಎದೆಗೇ ಬಂತು ನೋಡು!" ಕಣ್ಣೊರೆಸಿಕೊಂಡ. ಕಣ್ಣೀರು ಮಾತ್ರ ಸುಳ್ಳಾಗಿರಲಿಲ್ಲ.

ಮಗಳು ಅವನನ್ನು ನೋಡಿದಳು, ಗಿಟಾರಿನ ಗುಂಡಿ ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಅಪ್ಪಾ, ಸೌಂಡು ಇನ್ನೂ ಇಟ್ಟೇ ಇಲ್ಲ. ದೊಡ್ಡಮ್ಮ ಫೋನಲ್ಲಿದಾರೆ ಅಂತ ಪೂರ್ತಿ ಕಮ್ಮಿ ಮಾಡಿ ಬರೀ ಬೆರಳು ಓಡಿಸ್ತಾ ಇದ್ದೆ."

ಮೊದಲು ಅವನಿಗೆ ಹೋದ ಜೀವ ಬಂದಂತಾಯಿತು. ಕಿವಿ ಪೂರ್ತಿ ಹೋಗಿಲ್ಲ! ಮುಖ ಅರಳಿಯೂ ಅರಳಿತು. ಆಮೇಲೆ ಮಗಳ ಮುಖ ಕಂಡಿತು.

"ಹಾಗಾದ್ರೆ ಹಳೇ ಗಿಟಾರು?" ಅವಳ ತುಟಿ ಕೇಳಿತು.

ಫಿಟ್ಟರಣ್ಣ ತಲೆ ತಗ್ಗಿಸಿದ. ತುಟಿ ಓದುವವನಿಗೆ ಮಾತಿನಿಂದ ತಪ್ಪಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಮಗಳು ಗಿಟಾರು ಪಕ್ಕಕ್ಕಿಟ್ಟು ಎದ್ದುಬಂದು ಅವನ ಗಲ್ಲ ಹಿಡಿದು ಮೇಲೆತ್ತಿದಳು.

"ನನ್ನ ನೋಡು. ಹಳೇದು ಕೇಳಿಸ್ತಿತ್ತಾ?"

"ಉಗುರು ತಾಗೋದು... ಟಕ್ ಟಕ್ ಅಂತ. ಅಷ್ಟೇ."

"ಮತ್ತೆ ದಿನಾ ಅದ್ಭುತ ಅದ್ಭುತ ಅಂದಿದ್ದು?"

"ನೀನು ಖುಷಿಯಾಗಿದ್ದೆ. ನಿನ್ನ ಖುಷಿ ನೋಡಿ ಹೇಳ್ತಿದ್ದೆ."

ಅವಳ ಕಣ್ಣು ತುಂಬಿತು. "ನಾನು ಚೆನ್ನಾಗಿ ನುಡಿಸ್ತೀನಿ ಅಂತ ಹೇಳಿದ್ದು ಈ ಪ್ರಪಂಚದಲ್ಲಿ ನೀನೊಬ್ನೇ ಅಪ್ಪಾ. ನಾನು ನಂಬ್ಕೊಂಡಿದ್ದೆ."

"ಅಕ್ಕಾ, ಆಮೇಲೆ ಮಾಡ್ತೀನಿ, ಇಲ್ಲಿ ಕಳ್ಳ ಸಿಕ್ಕಿಬಿದ್ದಿದಾನೆ" ಎಂದು ಹೆಂಡತಿ ಫೋನಿಟ್ಟು ಬಂದಳು. ಅವಳಿಗೆ ಅವಳದೇ ಆತಂಕ. "ರೀ, ರಾತ್ರಿ ದೀಪ ಆರಿಸಿದ ಮೇಲೆ ನಾನು ಕಷ್ಟಸುಖ ಹೇಳ್ಕೋತೀನಲ್ಲ, ಅದು?"

"ಮಧ್ಯೆ ಮಧ್ಯೆ ಹೂಂ ಅಂತಿದ್ನಲ್ಲ."

"ಕೇಳಿಸ್ತಿತ್ತಾ ಅಂದೆ!"

"ಇಲ್ಲ ಕಣೇ."

ಹೆಂಡತಿ ಹಣೆ ಚಚ್ಚಿಕೊಂಡಳು. ಫಿಟ್ಟರಣ್ಣ ಮಗಳ ಕಡೆ ತಿರುಗಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಅವತ್ತು ವಾರ್ಷಿಕೋತ್ಸವದಲ್ಲಿ ಯಾರೋ ಇಂಥದ್ದು ನುಡಿಸಿದ. ಅದು ಕೇಳಿಸ್ತು. ಎಷ್ಟೋ ವರ್ಷ ಆದ್ಮೇಲೆ ಕೇಳಿಸಿದ ಮೊದಲನೇ ಹಾಡು ಅದು. ಯಾರದೋ ಕೇಳಿಸಿದ್ಮೇಲೆ ನನ್ನ ಮಗಳದ್ದು ಕೇಳಿಸದೇ ಇರುತ್ತಾ ಅಂತ... ನನಗೋಸ್ಕರನೇ ತರಿಸಿದ್ದು ಕಣಮ್ಮ. ನಿನಗೋಸ್ಕರ ಅಂತ ಸುಳ್ಳು ಹೇಳಿದೆ."

ಮಗಳು ಮೂಗೊರೆಸಿಕೊಂಡು ಮಂಚದ ಮೇಲೆ ಕೂತಳು. ಗಿಟಾರಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಬಗ್ಗಿ ಪೆಟ್ಟಿಗೆಯದನ್ನೂ ತಿರುಗಿಸಿ, ದಪ್ಪ ತಂತಿಯನ್ನು ಒಮ್ಮೆ ಮೀಟಿದಳು.

ಅದು ಬಂತು. ದುಂಡಗೆ, ತುಂಬಿಕೊಂಡು, ಅಂಚು ಒಡೆಯದೆ ಬಂತು. ಮೀಟಿದ ಬೆರಳು ತೆಗೆದ ಮೇಲೂ ನಿಂತೇ ಇತ್ತು. ಇಷ್ಟು ತೆಳ್ಳಗಿನ ಮರದ ಹಲಗೆಯೊಳಗೆ ಇಷ್ಟು ದೊಡ್ಡ ದನಿ ಎಲ್ಲಿ ಅಡಗಿತ್ತು ಎಂದು ಫಿಟ್ಟರಣ್ಣ ಬಾಯಿ ತೆರೆದುಕೊಂಡೇ ನಿಂತ. ಅವಳು ಒಂದೊಂದೇ ತಂತಿ ಮೀಟುತ್ತಾ ಹೋದಳು, ಒಂದಕ್ಕಿಂತ ಒಂದು ತೆಳ್ಳಗೆ, ಒಂದಕ್ಕಿಂತ ಒಂದು ಹೊಳಪಾಗಿ. ಕೊನೆಯದು ಅವನಿಗೆ ಎಲ್ಲೋ ದೂರದಿಂದ ಬಂದಂತೆ ಬಂತು, ಆದರೂ ಬಂತು. ಹೆಂಡತಿ ಕಿವಿಗೆ ಬೆರಳಿಟ್ಟುಕೊಂಡಳು. ಮೇಲಿನ ಮನೆಯವರು ಏನಂದುಕೊಂಡರೋ, ಬೋರ್ಡು ಕೊಟ್ಟ ತಪ್ಪಿಗೆ ಅನುಭವಿಸಲಿ.

ಆಮೇಲೆ ಅವಳು ಹಾಡು ನುಡಿಸಿದಳು. ಎಷ್ಟೋ ಸಂಜೆ ಅವನೆದುರು ಕೂತು ನುಡಿಸಿದ್ದ ಹಾಡೇ ಇರಬೇಕು, ಬೆರಳಿನ ಓಡಾಟ ಅವನಿಗೆ ಬಾಯಿಪಾಠವಾಗಿತ್ತು. ಆ ಓಡಾಟದೊಳಗೆ ಇಂಥದ್ದಿತ್ತೇ! ಮತ್ತೆ ಮತ್ತೆ ನಿಧಾನವಾಗಿ ಹತ್ತಿ, ತುದಿಯಲ್ಲಿ ಸ್ವಲ್ಪ ತೂಗಾಡಿ, ಸರ್ರನೆ ಇಳಿದು ಬರುವ ಹಾಡು. ಮುಗಿದಾಗ ಅವಳು ಎಂದಿನಂತೆ ಅವನ ಮುಖ ನೋಡಿದಳು, ಆದರೆ ಈ ಸಲ ಹೆದರಿಕೊಂಡು ನೋಡಿದಳು.

ಫಿಟ್ಟರಣ್ಣನ ನಾಲಿಗೆ ತುದಿಗೆ ಅದ್ಭುತ ಎಂಬ ಮಾತು ಬಂದಿತ್ತು. ಅದನ್ನು ನುಂಗಿಕೊಂಡ.

"ಎರಡು ಸಲ ಸರಿಯಾಗಿ ಹತ್ತಿ ಬಂತು," ಎಂದ ಹಿಂಜರಿಯುತ್ತಾ. "ಮೂರನೇ ಸಲ ನಡುವೆ ಎಲ್ಲೋ ಎಡವಿದೆ, ಅಲ್ವಾ?"

"ನಿಮ್ಮ ತಲೆ! ಕೇಳಿಸಿದ ಮೊದಲನೇ ದಿನವೇ ಕೊಂಕು ತೆಗೀತೀರಾ?" ಹೆಂಡತಿ ರೇಗಿದಳು.

"ಅಮ್ಮಾ, ಸುಮ್ನಿರು!" ಮಗಳು ಒಟ್ಟೊಟ್ಟಿಗೇ ಅಳುತ್ತಾ ನಗುತ್ತಾ ಇದ್ದಳು. "ಎಡವಿದ್ದು ಹೌದು. ಅಲ್ಲಿ ನಾನು ಯಾವಾಗಲೂ ಎಡವ್ತೀನಿ. ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅಪ್ಪಾ, ಇನ್ನೊಂದ್ಸಲ ನುಡಿಸ್ತೀನಿ, ತಪ್ಪಿದ ತಕ್ಷಣ ಕೈಯೆತ್ತು."

ಫಿಟ್ಟರಣ್ಣ ಪೆಟ್ಟಿಗೆಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತ. ಅವಳು ಮೊದಲನೆಯ ತಂತಿ ಮೀಟಿದಳು. ಇಷ್ಟು ವರ್ಷ ಮಗಳ ಮುಖದಿಂದ ಒಂದು ಕ್ಷಣವೂ ನೋಟ ಕದಲಿಸದಿದ್ದವನು ಕಣ್ಣು ಮುಚ್ಚಿಕೊಂಡ.