ಬೆವರುವ ಗೋಡೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಕಚೇರಿಯವರೆಲ್ಲ ಹೇಳುತ್ತಾರೆ. ಅಪ್ಪಟ ಸುಳ್ಳು. ಮೂಗಿನ ತುದಿಯವರೆಗೆ ನಡೆದು ಬರುವಷ್ಟು ವ್ಯವಧಾನ ಅದಕ್ಕೆಲ್ಲಿದೆ? ಅದು ನಾಲಿಗೆಯ ಮೇಲೇ ಮನೆ ಮಾಡಿಕೊಂಡಿದೆ. ಇಪ್ಪತ್ತೆರಡು ವರ್ಷದಿಂದ ನಗರಸಭೆಯಲ್ಲಿ ಇಂಜಿನಿಯರ್ ಆಗಿದ್ದೇನೆ. ನನ್ನ ಕಣ್ಣೆದುರೇ ಊರು ಮೂರು ಪಟ್ಟು ಬೆಳೆದಿದೆ, ರಸ್ತೆಗಳು ಮಾತ್ರ ಇದ್ದ ಹಾಗೇ ಇವೆ. ಇಂಥ ಕಡೆ ಸಿಟ್ಟು ಬರದವನು ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಬೇಕು.

ಆದ್ದರಿಂದ ಹೊಸ ಬಸ್ ನಿಲ್ದಾಣಕ್ಕೆ ಒಪ್ಪಿಗೆ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನೇ. ಈಗಿರುವುದು ನಲವತ್ತು ಬಸ್ಸಿಗೆಂದು ಕಟ್ಟಿದ್ದು. ಬರುವುದು ದಿನಕ್ಕೆ ಆರುನೂರು. ಬಸುರಿಯರು, ಕೋಲೂರುವ ಮುದುಕರು ಬಿಸಿಲಲ್ಲಿ ರಸ್ತೆಯ ಅಂಚಿಗೆ ನಿಂತು ಬಸ್ಸು ಬಂದಾಗ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ನಿಲ್ದಾಣ ಹಿಗ್ಗಲು ಇದ್ದದ್ದು ಒಂದೇ ದಿಕ್ಕು. ಆ ದಿಕ್ಕಿನಲ್ಲಿ ಹಳೇ ಧಾನ್ಯದ ಮಳಿಗೆ ಕೂತಿತ್ತು.

ನೂರಮೂವತ್ತು ವರ್ಷದ ಕಟ್ಟಡ. ಮೂರಡಿ ದಪ್ಪದ ಇಟ್ಟಿಗೆ ಗೋಡೆ, ಮುಂದೆ ಒಂಬತ್ತು ಕಮಾನು, ಒಳಗೆ ಒಂದೇ ಉದ್ದನೆಯ ಹಜಾರ. ಧಾನ್ಯದ ವ್ಯಾಪಾರ ಎಂದೋ ಊರಾಚೆ ಹೋಯಿತು. ಈಗ ಒಂದು ಕಮಾನಿನಡಿ ಟೈಲರ್, ಇನ್ನೊಂದರಡಿ ಬೀಗದ ಕೈ ಮಾಡುವವನು, ಮಗದೊಂದರಡಿ ಹಳೇ ಪುಸ್ತಕ ಮಾರುವವನು. ಹೊರಗೆ ಕಾದ ಹೆಂಚಿನಂಥ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ತಂಪು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನು ನಾನೂ ಅಲ್ಲೇ ಬಿಚ್ಚುತ್ತಿದ್ದೆ.

ನಕ್ಷೆ ಬರೆದವಳು ಮೂವತ್ತರ ಒಬ್ಬ ಹೆಂಗಸು. ಕಚೇರಿಯಲ್ಲಿ ಎಲ್ಲರೂ ನಕ್ಷೆ ಮೇಡಂ ಎನ್ನುತ್ತಿದ್ದರು. ಅವಳು ಎರಡು ನಕ್ಷೆ ತಂದಿದ್ದಳು. ಒಂದರಲ್ಲಿ ಮಳಿಗೆಯೇ ಇರಲಿಲ್ಲ. ಇನ್ನೊಂದರಲ್ಲಿ ಮಳಿಗೆಯೇ ಪ್ರಯಾಣಿಕರು ಕೂರುವ ಜಾಗ. ಬಸ್ಸುಗಳು ಅದರ ಬೆನ್ನಿಗೆ ಸುತ್ತಿ ಬಂದು ನಿಲ್ಲುತ್ತವೆ. ನಷ್ಟವೆಂದರೆ ಎರಡು ಬಸ್ಸಿನ ಜಾಗ ಮಾತ್ರ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗಿತ್ತು. ಕಮಿಷನರ್ ಮೇಡಂ ಎರಡನೆಯದರ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

"ಸಾವಿರ ಜನ ಕೂರೋ ಜಾಗ. ಗೋಡೆ ಗಟ್ಟಿ ಇದೆ ಅಂತ ನೀವು ಬರೆದುಕೊಟ್ರೆ ಇದು. ಇಲ್ಲ ಅಂದ್ರೆ ಅದು."

ಮೂರು ಗೋಡೆ ಗಟ್ಟಿಯಾಗಿದ್ದವು. ಪಶ್ಚಿಮದ್ದು ಮಾತ್ರ ಹೆಗಲೆತ್ತರದವರೆಗೆ ಬೆವರುತ್ತಿತ್ತು. ಪ್ಲಾಸ್ಟರ್ ಅಲ್ಲಲ್ಲಿ ಬೊಕ್ಕೆಯೆದ್ದಿತ್ತು. ತೇವ ಅಳೆಯುವ ಯಂತ್ರ ಒತ್ತಿದರೆ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತಿತ್ತು. ಮಳೆ ಬಡಿಯುವ ದಿಕ್ಕು, ನೂರು ದಾಟಿದ ಇಟ್ಟಿಗೆ, ಇನ್ನೇನಾದೀತು? ಗೋಡೆ ಸತ್ತಿದೆ, ಕೆಡವುವುದೇ ಸರಿ ಎಂದು ಬರೆದೆ. ಜೊತೆಗೆ ಒಂದು ಸಾಲು ಸೇರಿಸಿದೆ: ಹನ್ನೊಂದು ವರ್ಷದ ಹಿಂದೆ ಈ ಗೋಡೆಗೆ ಒಂದಂಗುಲ ಸಿಮೆಂಟ್ ಪ್ಲಾಸ್ಟರ್ ಹಾಕಿಸಿ ಬಲಪಡಿಸಿದ್ದರಿಂದಲೇ ಅದು ಇಲ್ಲಿಯವರೆಗೆ ನಿಂತಿದೆ. ಹಾಕಿಸಿದವನು ನಾನೇ. ನನ್ನ ಸ್ವಂತ ಹೊಣೆಯಲ್ಲಿ ಮಾಡಿದ ಮೊದಲ ಕೆಲಸ ಅದು. ಮುಖ್ಯ ಇಂಜಿನಿಯರ್ ಎರಡು ತಿಂಗಳಲ್ಲಿ ನಿವೃತ್ತರಾಗುವವರಿದ್ದರು, ಆ ಕುರ್ಚಿಗೆ ನನ್ನ ಹೆಸರೇ ಮುಂದಿತ್ತು. ಹೊಗಳಿಕೊಳ್ಳುವ ಅವಕಾಶ ಸಿಕ್ಕರೆ ಯಾರು ಬಿಡುತ್ತಾರೆ?

ಸುದ್ದಿ ಕೇಳಿದ ಟೈಲರ್ ನೆಟ್ಟಗೆ ನಮ್ಮತ್ತೆಯ ಹತ್ತಿರ ಓಡಿದ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಊರಿಗೆಲ್ಲ ಅವಳು ಗಾರೆಯತ್ತೆ. ವಯಸ್ಸು ಎಪ್ಪತ್ತೊಂದು. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಹಳೆಯ ಹದದಲ್ಲಿ ಗಾರೆ ಕಲಸಬಲ್ಲವರು ಈ ಊರಿನಲ್ಲಿ ಉಳಿದಿರುವುದು ಅವಳು, ಮತ್ತೆ ಅವಳು ತಿದ್ದಿ ತಯಾರು ಮಾಡಿದ ಆರು ಹೆಂಗಸರು. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹೋದಳು. ಅಲ್ಲಿಂದ ನನ್ನನ್ನು ಸಾಕಿ, ಓದಿಸಿ, ಇಂಜಿನಿಯರ್ ಮಾಡಿದ್ದು ಗಾರೆ ಮೆತ್ತುವ ಇವಳ ಕರಣೆ. ಗೋಡೆ ಮುಟ್ಟಿದ ತಕ್ಷಣ ಅದನ್ನು ಯಾವ ಕಾಲದಲ್ಲಿ, ಎಂಥ ಅವಸರದಲ್ಲಿ ಕಟ್ಟಿದರು ಎಂದು ಹೇಳುತ್ತಾಳೆ. ಎಷ್ಟು ಸಲ ನೋಡಿದರೂ ನನಗೆ ಅದು ಬೆರಗೇ. ಅವಳೆದುರು ಹೇಳಿಲ್ಲ, ಅಷ್ಟೇ.

ಮರುದಿನ ಕಮಿಷನರ್ ಮೇಡಂ ಗೋಡೆ ನೋಡಲು ಬಂದಾಗ ಅತ್ತೆ ಆಗಲೇ ಅಲ್ಲಿ ನಿಂತಿದ್ದಳು.

"ಅತ್ತೇ, ನೀನು ಇಲ್ಲಿ ಯಾಕೆ ಬಂದೆ? ಇದು ಸರ್ಕಾರಿ ಕೆಲಸ," ಎಂದೆ ಹಲ್ಲು ಕಚ್ಚಿಕೊಂಡು.

"ಗೋಡೆ ನೋಡೋಕೆ ಬಂದೆ ಪುಟ್ಟಾ. ನಿನ್ನ ಮುಖ ನೋಡೋಕಾಗಿದ್ರೆ ಮನೇಲೇ ನೋಡ್ತಿದ್ದೆ."

ನಲವತ್ತೇಳು ವರ್ಷದ ಅಧಿಕಾರಿಯನ್ನು ಕಮಿಷನರ್ ಮುಂದೆ ಪುಟ್ಟಾ ಎಂದರೆ ಹೇಗಾಗಬೇಡ! ನಕ್ಷೆ ಮೇಡಂ ನಗು ತಡೆಯಲು ನಕ್ಷೆಯನ್ನೇ ಮುಖಕ್ಕೆ ಹಿಡಿದಳು.

ಅತ್ತೆ ಯಾರನ್ನೂ ಕೇಳದೆ ಕೆಲಸ ಶುರು ಮಾಡಿದಳು. ಪ್ಲಾಸ್ಟರ್ ಒಡೆದ ಕಡೆ ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿ, "ಉಪ್ಪು ಹೊರಗೆ ಬರೋಕೆ ದಾರಿ ಹುಡುಕ್ತಿದೆ," ಎಂದಳು. ಮೊಳೆಯೊಂದನ್ನು ಸಂದಿಗೆ ಒತ್ತಿದಳು. ಬೆರಳಗಲ ಹೋಗಿ ನಿಂತಿತು. ಇನ್ನೂ ಬಲವಾಗಿ ಒತ್ತಿದಳು, ಅಲ್ಲಾಡಲಿಲ್ಲ. ಆಮೇಲೆ ಪೂರ್ವದ ಗೋಡೆಗೆ ಹೋಗಿ ಅದನ್ನೂ ತಟ್ಟಿ ಬಂದಳು.

"ಆ ಗೋಡೆ ಒಣಗಿದೆ. ಅದಕ್ಕೆ ಸಿಮೆಂಟ್ ಇಲ್ಲ," ಎಂದಳು.

"ಅದಕ್ಕೆ ಮಳೆ ಬಡಿಯಲ್ಲ ಅತ್ತೆ!"

"ಉತ್ತರದ್ದಕ್ಕೆ ಬಡಿಯುತ್ತಲ್ಲ? ಅದೂ ಒಣಗೇ ಇದೆ. ನೆಲದಿಂದ ಹತ್ತೋ ನೀರು ನಾಲ್ಕೂ ಗೋಡೆಗೆ ಒಂದೇ. ಮೂರು ಗೋಡೆ ಉಸಿರಾಡಿ ಅದನ್ನ ಹೊರಗೆ ಬಿಡ್ತಾವೆ. ಈ ಪಾಪದ್ದಕ್ಕೆ ಮೂಗು ಮುಚ್ಚಿಬಿಟ್ಟಿದ್ದೀರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೀರಲ್ಲ!" ಎಂದು ಕಮಿಷನರ್ ಮೇಡಂ ಕಡೆ ತಿರುಗಿದಳು. "ಒಂದು ಬಾಗಿಲಗಲ ಪ್ಲಾಸ್ಟರ್ ಕಿತ್ತುಹಾಕ್ತೀನಿ. ಹದಿನೈದು ದಿನ ಕೊಡಿ. ಒಣಗದಿದ್ರೆ ಕೆಡವಿ, ನಾನೇ ಮೊದಲ ಏಟು ಹಾಕ್ತೀನಿ."

"ನಿಮಗೆ ಬಸ್ ನಿಲ್ದಾಣ ಬೇಡವಾ ಅಮ್ಮಾ?" ಎಂದು ಅವರು ಕೇಳಿದರು.

"ಬೇಡ ಅಂದವರು ಯಾರು? ನನ್ನ ಮೊಣಕಾಲನ್ನ ಕೇಳಿ ನೋಡಿ, ನಾಳೇನೇ ಬೇಕು ಅನ್ನುತ್ತೆ. ಕೂರೋಕೆ ನೆರಳು ಇಲ್ಲೇ ಇರುವಾಗ ಅದನ್ನ ಕೆಡವಿ ಹೊಸ ನೆರಳು ಯಾಕೆ ಕಟ್ಟಬೇಕು ಅಂತ ಅಷ್ಟೇ ನನ್ನ ಮಾತು."

ಹದಿನೈದು ದಿನ ಸಿಕ್ಕಿತು. ಅತ್ತೆ ಉಳಿ ಇಟ್ಟು ಪ್ಲಾಸ್ಟರ್ ಎಬ್ಬಿಸಿದಾಗ ಒಳಗಿನಿಂದ ನೀರು ಅಕ್ಷರಶಃ ಇಳಿಯಿತು. ಹೊರಮೈಯ ಇಟ್ಟಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಬೆರಳಗಲ ಪುಡಿಯಾಗಿತ್ತು. ಅದನ್ನು ಕೆರೆದು ಸುತ್ತಿಗೆಯ ಹಿಡಿಯಿಂದ ತಟ್ಟಿದಳು. ಠಣ್ ಎಂದಿತು. ನಾನು ಕೇಳಿಸದವನ ಹಾಗೆ ಫೋನ್ ನೋಡುತ್ತ ನಿಂತೆ.

ಆದರೆ ನನ್ನ ಯಂತ್ರ ನನ್ನ ಮಾತು ಕೇಳಲಿಲ್ಲ. ಐದನೇ ದಿನ ಯಾರೂ ಇಲ್ಲದ ಹೊತ್ತು ನೋಡಿ ಅಳೆದೆ, ಮುಳ್ಳು ಇಳಿದಿತ್ತು. ಒಂಬತ್ತನೇ ದಿನ ಇನ್ನೂ ಇಳಿಯಿತು. ಪಕ್ಕದಲ್ಲೇ ಪ್ಲಾಸ್ಟರ್ ಇದ್ದ ಭಾಗ ಇನ್ನೂ ಬೆವರುತ್ತಿತ್ತು. ಹದಿಮೂರನೇ ದಿನ, ತೆರೆದಿಟ್ಟ ಇಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಒಣಗಿತ್ತು. ಇಂಗು ತಿಂದ ಮಂಗನಂತೆ ಅಲ್ಲೇ ನಿಂತುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಹನ್ನೊಂದು ವರ್ಷ ಒಂದು ಗೋಡೆಯ ಉಸಿರು ಕಟ್ಟಿಸಿ, ಅದು ಮುದಿಯಾಯಿತು ಎಂದು ಸರ್ಕಾರಿ ಕಾಗದದಲ್ಲಿ ಬರೆದಿದ್ದೆ.

ಆಗ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ, ಸಿಮೆಂಟ್ ಚೀಲ ಇಳಿಯುತ್ತಿದ್ದಾಗ, ಇದೇ ಅತ್ತೆ ಬಂದು, "ಬೇಡ ಪುಟ್ಟಾ, ಹಳೇ ಗೋಡೆಗೆ ಇದು ಆಗಿಬರಲ್ಲ," ಎಂದಿದ್ದಳು. ನಾನು ಕೆಲಸದವರೆಲ್ಲರ ಮುಂದೆ, "ನೀನು ಗಾರೆ ಕಲಸು ಹೋಗು, ಇಂಜಿನಿಯರ್ ಯಾರು ಅಂತ ನನಗೆ ಗೊತ್ತು," ಎಂದು ಕೂಗಿದ್ದೆ. ಅವಳು ಮಾತಾಡದೆ ಹೋಗಿದ್ದಳು. ಥೂ, ನನ್ನ ಬಾಯಿಗೆ ಬೆಂಕಿ ಬೀಳ!

ಗೋಡೆ ಒಣಗಿದ್ದಷ್ಟೇ ಸಾಲದು ಎಂದಿತು ತಾಂತ್ರಿಕ ಸಮಿತಿ. ಫೈಲಿನಲ್ಲಿ ಗೋಡೆಯೇ ದುರ್ಬಲ, ಪ್ಲಾಸ್ಟರೇ ಆಸರೆ ಎಂದು ಇದೆ. ಅದು ತಪ್ಪೆಂದಾದರೆ, ಹಾಗೆ ಬರೆದ ಇಂಜಿನಿಯರೇ ಸಹಿ ಹಾಕಿ ತಿದ್ದಬೇಕು. ಇಲ್ಲವಾದರೆ ಮೊದಲ ನಕ್ಷೆಯೇ ಗತಿ. ಸಭೆ ಮರುದಿನ ಹನ್ನೊಂದು ಗಂಟೆಗೆ.

ಸಂಜೆ ಅತ್ತೆಯ ಮನೆಗೆ ಹೋದೆ. ಅಡುಗೆಮನೆಯ ಮಣೆಯ ಮೇಲೆ ಕೂತು ಹಸಿಮೆಣಸಿನ ತೊಟ್ಟು ಬಿಡಿಸುತ್ತಿದ್ದಳು.

"ತಪ್ಪು ನಂದೇ ಅತ್ತೆ," ಎಂದೆ.

"ಗೊತ್ತು."

"ನಾಳೆ ಬರೆದುಕೊಡ್ತೀನಿ."

ಅವಳ ಕೈ ನಿಂತಿತು. "ಬರೆದುಕೊಟ್ರೆ ನಿನಗೇನಾಗುತ್ತೆ?"

"ವಿಚಾರಣೆ ಆಗುತ್ತೆ. ಆ ಕುರ್ಚಿ ಇನ್ನು ಬೇರೆಯವರಿಗೆ."

ಅತ್ತೆ ಮೆಣಸಿನಕಾಯಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಹಾಗಾದ್ರೆ ಬೇಡ. ಬಿಡು, ಹೋದ್ರೆ ಹೋಗಲಿ ಗೋಡೆ."

ನಾನು ಬೆಚ್ಚಿಬಿದ್ದೆ. ಈ ಹದಿನೈದು ದಿನವೂ ಬೆಳಗಾಗುತ್ತಲೇ ಹೋಗಿ, ಎಳೆಗೂಸಿನ ಮೈ ಒರೆಸುವವಳ ಹಾಗೆ ಆ ಇಟ್ಟಿಗೆಯ ಉಪ್ಪನ್ನು ಕುಂಚದಿಂದ ಒರೆಸಿದವಳು ಇವಳೇ!

"ಏನಂದೆ ಅತ್ತೆ? ಇಷ್ಟೆಲ್ಲ ಮಾಡಿ?"

"ಇಟ್ಟಿಗೆ ಸುಟ್ಟು ಇನ್ನೊಂದು ಗೋಡೆ ಕಟ್ಟಬಹುದು. ನಿನ್ನನ್ನ ಇನ್ನೊಂದ್ಸಲ ಬೆಳೆಸೋಷ್ಟು ಆಯಸ್ಸು ನನಗಿಲ್ಲ. ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲೋದನ್ನ ನಾನು ನೋಡಲಾರೆ ಮಗನೇ. ಸುಮ್ಮನಿದ್ದುಬಿಡು."

ಅವಳ ಕಣ್ಣು ತುಂಬಿದ್ದು ಮೆಣಸಿನಕಾಯಿಗಲ್ಲ. ನಾನು ಎದ್ದು ಬಂದೆ. ಇಷ್ಟು ವರ್ಷ ಅವಳ ಕೈ ನೋಡಿ ಬೆರಗಾಗಿದ್ದೆ, ಆ ಸಂಜೆ ಅವಳನ್ನೇ ನೋಡಿ ಬೆರಗಾದೆ. ಮನೆಗೆ ಹೋಗುವ ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ರಸ್ತೆಯವರೆಗೆ ನಿಂತಿದ್ದರು. ಮಳಿಗೆಯ ಮೆಟ್ಟಿಲ ಮೇಲೆ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಗೋಡೆಗೊರಗಿ ಕೂತಿದ್ದಳು.

ಸಭೆಗೆ ಅತ್ತೆಯೂ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದಳು. ನಾನು ಎದ್ದು ನಿಂತೆ. ಸಿಟ್ಟಿನಲ್ಲಿ ಗಂಟೆಗಟ್ಟಲೆ ಮಾತಾಡುವ ನನ್ನ ನಾಲಿಗೆಗೆ ಆ ದಿನ ಎರಡು ಸಾಲು ಹೇಳುವಷ್ಟರಲ್ಲಿ ಸಾಕುಸಾಕಾಯಿತು.

"ಗೋಡೆ ಗಟ್ಟಿ ಇದೆ. ಅದನ್ನ ಕೆಡಿಸಿದ್ದು ನಾನು ಹಾಕಿಸಿದ ಪ್ಲಾಸ್ಟರ್. ಬೇಡ ಅಂತ ತಿಳಿದವರು ಹೇಳಿದ್ರು, ನಾನು ಕೇಳಲಿಲ್ಲ."

ಕಮಿಷನರ್ ಮೇಡಂ ಫೈಲಿನಿಂದ ತಲೆಯೆತ್ತಿದರು. "ಇದನ್ನ ಬರೆದುಕೊಟ್ರೆ ಮುಂದಿನದು ಏನು ಅಂತ ನಿಮಗೆ ಗೊತ್ತಲ್ಲ?"

"ಗೊತ್ತು ಮೇಡಂ."

ಬರೆದುಕೊಂಡೇ ಹೋಗಿದ್ದೆ. ಕಾಗದವನ್ನು ಅವರೆದುರಿಗಿಟ್ಟು ಸಹಿ ಹಾಕಿದೆ. ಆಗ ಕುರ್ಚಿ ಎಳೆದ ಸದ್ದಾಯಿತು. ಅತ್ತೆ ಮೊಣಕಾಲು ಹಿಡಿದುಕೊಂಡು ಮೇಜಿನವರೆಗೆ ನಡೆದು ಬಂದಳು.

"ಪೆನ್ನು ಕೊಡು," ಎಂದಳು ನನಗೆ.

"ನಿಮ್ಮ ಸಹಿ ಬೇಕಾಗಿಲ್ಲ ಅಮ್ಮಾ," ಎಂದರು ಕಮಿಷನರ್ ಮೇಡಂ.

"ಬೇಕು. ಇವನು ಪ್ಲಾಸ್ಟರ್ ಹಾಕಿಸೋವಾಗ ಒಂದೇ ಸಲ ಹೇಳಿ ಸುಮ್ಮನಾದೆ. ಎರಡನೇ ಸಲ ಹೇಳಿದ್ರೆ ಕೆಲಸದವರ ಮುಂದೆ ಇವನ ಮುಖ ಸಣ್ಣದಾಗುತ್ತೆ ಅಂತ ಹೇಳಲಿಲ್ಲ. ಇವನಿಗೆ ತಿಳೀಲಿಲ್ಲ, ತಪ್ಪು ಮಾಡ್ದ. ನನಗೆ ಗೊತ್ತಿತ್ತು, ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡೆ. ನಿನ್ನೆ ಸಂಜೆ ಮತ್ತೆ ಅದನ್ನೇ ಮಾಡೋಕೆ ಹೊರಟಿದ್ದೆ."

ಸುಣ್ಣದಲ್ಲಿ ಸವೆದು ಅವಳ ಹೆಬ್ಬೆರಳಿನ ಗೆರೆಗಳು ಎಂದೋ ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಯಾರೂ ಒಪ್ಪುವುದಿಲ್ಲವೆಂದು ಐವತ್ತು ದಾಟಿದ ಮೇಲೆ ಹೆಸರು ಬರೆಯುವುದನ್ನು ಕಲಿತವಳು. ಒಂದೊಂದೇ ಅಕ್ಷರವನ್ನು ನಿಧಾನವಾಗಿ ನನ್ನ ಸಹಿಯ ಕೆಳಗೆ ಜೋಡಿಸಿದಳು. ಮುಖ್ಯ ಇಂಜಿನಿಯರ್ ಆಗಬೇಕಾಗಿದ್ದ ನಾನು, ಅಷ್ಟು ಜನರ ಮುಂದೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅತ್ತೆ ಪೆನ್ನಿನ ಮುಚ್ಚಳ ಹಾಕಿ ನನ್ನ ಜೇಬಿಗೆ ಸಿಕ್ಕಿಸಿದಳು. ಕಮಿಷನರ್ ಮೇಡಂ ಕಾಗದವನ್ನು ಎರಡು ಸಲ ಓದಿ, ಎರಡನೇ ನಕ್ಷೆಯನ್ನು ಎಳೆದುಕೊಂಡು ಅದರ ಮೇಲೆ ಒಪ್ಪಿಗೆ ಎಂದು ಬರೆದರು.